ಡ್ರಿಲ್ ಮೇಷ್ಟ್ರ ಶೂ ಲೇಸು

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಓಟ ಗೆದ್ದವರಲ್ಲ. ದಿನಾ ಬೆಳಿಗ್ಗೆ ಎರಡನೇ ತರಗತಿಯ ಮಕ್ಕಳೊಡನೆ ಮೈದಾನ ಸುತ್ತುತ್ತಾರೆ; ಗೆಲುವಿನ ಗೆರೆಗೆ ಇನ್ನು ಹತ್ತು ಹೆಜ್ಜೆ ಎನ್ನುವಾಗ ಶೂ ಲೇಸು ಬಿಚ್ಚಿತೆಂದು ಕುಕ್ಕರಗಾಲಲ್ಲಿ ಕೂರುತ್ತಾರೆ. ಎಲ್ಲರಿಗಿಂತ ಹಿಂದಿರುವ ಮಗು ದಾಟಿದ ಮೇಲೆಯೇ ಗಂಟು ಬೀಳುವುದು. "ಇವತ್ತೂ ನಾನೇ ಲಾಸ್ಟಾ? ನಾಳೆ ನೋಡ್ಕೋತೀನಿ ನಿಮ್ಮನ್ನ!" ಎಂದು ಗುಡುಗುತ್ತಾರೆ. ಹೊಟ್ಟೆನೋವೆಂದು ಮೂಲೆ ಹಿಡಿಯುತ್ತಿದ್ದವರೂ ಅವರನ್ನು ಸೋಲಿಸಲೆಂದೇ ಗಂಟೆಗೆ ಮೊದಲೇ ಬಂದು ನಿಲ್ಲುತ್ತಾರೆ. ಲೇಸಿಲ್ಲದ ಶೂ ಕೊಳ್ಳಿರೆಂದು ಹೆಡ್‌ಮೇಷ್ಟ್ರು ಎರಡು ಸಲ ಮೆಮೋ ಕೊಟ್ಟಿದ್ದಾರೆ. ಮೊನ್ನೆ ಜ್ವರದಿಂದೆದ್ದು ಬಂದ ಮೇಷ್ಟ್ರು ನಿಜವಾಗಿಯೂ ಹಿಂದೆ ಬಿದ್ದರು. ದಿನಾ ಅವರೊಬ್ಬರನ್ನೇ ಸೋಲಿಸುವ ಹುಡುಗಿ ತಿರುಗಿ ನೋಡಿ, ಗೆರೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. "ನೀವ್ ಹೋಗಿ ಸಾರ್, ನನ್ ಲೇಸ್ ಬಿಚ್ಚೋಗಿದೆ." ಅವಳು ಹಾಕಿಕೊಂಡಿದ್ದದ್ದು ಚಪ್ಪಲಿ.