ವಂಶವೃಕ್ಷದಲ್ಲಿ ಸತ್ತಿದ್ದ ಮೂರನೆಯ ಮಗಳು

2022ರಲ್ಲಿ ನಾನು ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲರ್ ಆಗಿದ್ದೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅಲ್ಲಿಯೇ ನರ್ಸ್. ಸೇವೆಯ ಕೊನೆಯ ಎಂಟು ವರ್ಷ ಈ ಹೊಸ ಕೆಲಸಕ್ಕೆ ತರಬೇತಿ ಕೊಟ್ಟು ಕೂರಿಸಿದ್ದರು. ತಿಂಗಳ ಎರಡನೇ ಶನಿವಾರ ಶಿರಸಿಗೆ ಹೋಗಿ, ಒಂದು ನರ್ಸಿಂಗ್ ಹೋಮಿನ ಹಿಂಬದಿಯ ಕೋಣೆಯಲ್ಲಿ ಕೂರುತ್ತಿದ್ದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ರೋಗಿಗಳು ಹುಬ್ಬಳ್ಳಿಯವರೆಗೆ ಬರುವ ಕಷ್ಟ ತಪ್ಪಲಿ ಎಂದು ಈ ವ್ಯವಸ್ಥೆ.

ನನ್ನ ಕೆಲಸ ಏನೆಂದು ಕೇಳಿದವರಿಗೆ ಹೀಗೆ ಹೇಳುತ್ತಿದ್ದೆ: ಒಂದು ಮನೆತನದಲ್ಲಿ ಕ್ಯಾನ್ಸರ್ ಮತ್ತೆ ಮತ್ತೆ ಬರುತ್ತಿದ್ದರೆ, ಅದು ರಕ್ತಸಂಬಂಧದಲ್ಲಿ ಇಳಿದು ಬರುತ್ತಿದೆಯೇ ಎಂದು ಹುಡುಕುವುದು. ನಮ್ಮ ಜೀವಕೋಶಗಳಲ್ಲಿ ಬಿಆರ್‌ಸಿಎ-1 ಎಂಬ ಜೀನ್ ಇದೆ. ಹಾಳಾದ ಡಿಎನ್‌ಎಯನ್ನು ರಿಪೇರಿ ಮಾಡುವುದು ಅದರ ಕೆಲಸ. ಅದರಲ್ಲೇ ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚುತ್ತದೆ. ಸಾಮಾನ್ಯ ಹೆಂಗಸರಲ್ಲಿ ನೂರಕ್ಕೆ ಒಬ್ಬರಿಗೆ ಬರುವ ಅಂಡಾಶಯದ ಕ್ಯಾನ್ಸರ್, ಈ ದೋಷ ಇರುವವರಲ್ಲಿ ನೂರಕ್ಕೆ ನಲವತ್ತರ ಆಸುಪಾಸು. ತಾಯಿಯಲ್ಲಿದ್ದರೂ ತಂದೆಯಲ್ಲಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಈ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುವ ನಂಬಬಹುದಾದ ಪರೀಕ್ಷೆ ಇಲ್ಲ. ಹೊಟ್ಟೆ ಉಬ್ಬಿ ಡಾಕ್ಟರ ಬಳಿ ಬರುವಷ್ಟರಲ್ಲಿ ಹೆಚ್ಚಿನವರಿಗೆ ತಡವಾಗಿರುತ್ತದೆ.

ಆ ವರ್ಷ ನವೆಂಬರಿನಲ್ಲಿ ಹೆಗಡೆಕಟ್ಟಾದ ಸಾವಿತ್ರಿ ಬಂದರು. ವಯಸ್ಸು ಐವತ್ತೆರಡು. ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಗಿ ಕೀಮೋ ಮುಗಿಯುತ್ತ ಬಂದಿತ್ತು. ಅವರ ರಕ್ತದ ವರದಿಯಲ್ಲಿ ಬಿಆರ್‌ಸಿಎ-1 ದೋಷ ಸಿಕ್ಕಿತ್ತು. ಇನ್ನು ಮನೆತನದಲ್ಲಿ ಯಾರ್‍ಯಾರಿಗೆ ಪರೀಕ್ಷೆ ಬೇಕು ಎಂಬುದನ್ನು ನಾನು ನೋಡಬೇಕಿತ್ತು. ಜೊತೆಗೆ ದೊಡ್ಮನೆ ಎಂಬ ಊರಿನಿಂದ ಅವರ ಸೋದರತ್ತೆ ಭಾಗೀರಥಿ ಬಂದಿದ್ದರು. ತಂದೆಯ ಅಕ್ಕ, ಎಂಬತ್ತೊಂದು ವರ್ಷ, ಕಿವಿ ಚುರುಕು. ಹಳೆಯ ಸಂಬಂಧಗಳೆಲ್ಲ ಅವರಿಗೇ ಗೊತ್ತು ಎಂದು ಸಾವಿತ್ರಿ ಕರೆತಂದಿದ್ದರು.

ನಾನು ಕಾಗದದ ಮೇಲೆ ಪೆಡಿಗ್ರಿ ಚಾರ್ಟ್, ಅಂದರೆ ಮನೆತನದ ವಂಶವೃಕ್ಷ, ಬರೆಯತೊಡಗಿದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೆ ಒಂದು ಓರೆ ಗೀಟು. ಸಾವಿತ್ರಿಯ ತಾಯಿ ನಲವತ್ತೊಂಬತ್ತಕ್ಕೆ ತೀರಿಕೊಂಡಿದ್ದರು, 'ಹೊಟ್ಟೆಯಲ್ಲಿ ನೀರು ತುಂಬಿ'. ಅಕ್ಕ ಲಕ್ಷ್ಮಿ ನಲವತ್ತಾರಕ್ಕೆ, ಅದೇ ರೀತಿ. ಎರಡು ಗೀಟು ಎಳೆದೆ. ಲಕ್ಷ್ಮಿಗೂ ಸಾವಿತ್ರಿಗೂ ಮಕ್ಕಳಿರಲಿಲ್ಲ.

"ಇವರನ್ನ ಬಿಟ್ಟು ಬೇರೆ ಒಡಹುಟ್ಟಿದವರು? ಸಣ್ಣದ್ರಾಗ ಹೋದವರೂ ಲೆಕ್ಕಕ್ಕ ಬರ್ತಾರ್ರಿ" ಎಂದೆ. ನಾನು ಹಾವೇರಿ ಕಡೆಯವಳು, ಮಾತು ಹಾಗೆಯೇ ಬರುತ್ತದೆ.

"ಒಂದು ತಂಗಿ ಹುಟ್ಟಿತ್ತು. ನನಗಾಗ ಹನ್ನೊಂದು ವರ್ಷ. ಒಂದು ತಿಂಗಳೂ ಉಳಿಯಲಿಲ್ಲ" ಎಂದರು ಸಾವಿತ್ರಿ.

ಅಕ್ಕತಂಗಿಯರ ಸಾಲಿನಲ್ಲಿ ಮೂರನೇ ವೃತ್ತ ಬರೆದು ಗೀಟು ಎಳೆದೆ. ಭಾಗೀರಥಮ್ಮ ಮುಂದಕ್ಕೆ ಬಾಗಿ ಕಾಗದವನ್ನೇ ನೋಡಿದರು. ನಾನು ಮುಂದಿನ ಪ್ರಶ್ನೆಗೆ ಹೋದೆ, ಅದರ ಮುಂದಿನದಕ್ಕೂ ಹೋದೆ. ಕೊನೆಗೆ, ಪರೀಕ್ಷೆ ಮಾಡಬೇಕಾದ ಒಡಹುಟ್ಟಿದವರು ಯಾರೂ ಉಳಿದಿಲ್ಲ ಎಂದು ನಾನು ಪೆನ್ನು ಮುಚ್ಚುವಾಗ ಭಾಗೀರಥಮ್ಮ ಸಾವಿತ್ರಿಯ ಕೈ ಹಿಡಿದರು.

"ಸಾವಿತ್ರಿ, ಆ ಗೀಟು ತೆಗೆಸು. ಆ ಕೂಸು ಸತ್ತಿದ್ದಿಲ್ಲೆ."

"ಅತ್ತೇ, ಎಂತ ಹೇಳ್ತಾ ಇದ್ದೆ ನೀನು?"

"ಆನೇ ಎತ್ಕಂಡು ಹೋಗಿ ಕೊಟ್ಟು ಬಂದಿ." ಆ ಕಡೆಯ ಮಾತಿನಲ್ಲಿ 'ಆನು' ಎಂದರೆ ನಾನು.

ಮೂರನೇ ಹೆರಿಗೆಯ ನಂತರ ಸಾವಿತ್ರಿಯ ತಾಯಿ ಹಾಸಿಗೆ ಹಿಡಿದಿದ್ದರಂತೆ. ಮಗುವಿಗೆ ಹಾಲಿಲ್ಲ. ಯಲ್ಲಾಪುರದಲ್ಲಿ ಭಾಗೀರಥಮ್ಮನಿಗೆ ಪರಿಚಯದ ಒಬ್ಬ ಶಾಲೆ ಮಾಸ್ತರು ಮತ್ತು ಅವರ ಹೆಂಡತಿ ಪಾರ್ವತಿಗೆ ಮಕ್ಕಳಿರಲಿಲ್ಲ. ಇಪ್ಪತ್ತೆಂಟನೇ ದಿನ ಮಗುವನ್ನು ಅವರ ಮಡಿಲಿಗೆ ಹಾಕಿ ಬಂದರು. ಅಜ್ಜನ ಮನೆಯಲ್ಲಿದ್ದ ಇಬ್ಬರು ಅಕ್ಕಂದಿರಿಗೆ ಮಗು ತೀರಿಹೋಯಿತು ಎಂದರು. ಈ ಮಾತು ಎಂದೂ ಹೊರಬೀಳಬಾರದು ಎಂದು ಎರಡೂ ಮನೆಯವರು ದೇವರ ಮುಂದೆ ಆಣೆ ಇಟ್ಟಿದ್ದರು. ಆ ಮಗುವಿನ ಹೆಸರು ವೀಣಾ. ಈಗ ನಲವತ್ತೊಂದು ವರ್ಷ, ಯಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ, ಮದುವೆಯಾಗಿಲ್ಲ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

ಸಾವಿತ್ರಿ ಅಳಲಿಲ್ಲ. ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಅವಳಿಗೂ ಬಂದಿರಬಹುದಾ?"

"ಅರ್ಧಕ್ಕರ್ಧ" ಎಂದೆ. ಅಕ್ಕ ಸತ್ತ ವಯಸ್ಸಿಗೆ ವೀಣಾಗೆ ಉಳಿದಿದ್ದುದು ಐದು ವರ್ಷ.

ಸೋಮವಾರ ಆಸ್ಪತ್ರೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ವಿಷಯ ಇಟ್ಟೆ. ಅವರು ಖಡಾಖಂಡಿತವಾಗಿ ಹೇಳಿದರು: "ಆಕೆ ನಮ್ಮ ಪೇಷಂಟ್ ಅಲ್ಲ. ನಾವಾಗಿ ಹೋಗಿ ಹೇಳುವ ಹಾಗಿಲ್ಲ. ಮನೆಯವರು ಹೇಳಿ, ಆಕೆಯೇ ಬರಬೇಕು." ಸಾವಿತ್ರಿ ತಮ್ಮ ವರದಿಯನ್ನು ತಂಗಿಗೆ ತೋರಿಸಬಹುದೆಂದು ಬರೆದುಕೊಟ್ಟಿದ್ದರು. ಆದರೆ ಹುಟ್ಟಿನ ಗುಟ್ಟು ಸಾವಿತ್ರಿಯದೊಂದೇ ಅಲ್ಲವಲ್ಲ. ಬಾಗಿಲು ತೆರೆಯಬೇಕಾದವರು ಪಾರ್ವತಿ.

ಡಿಸೆಂಬರಿನ ಎರಡನೇ ವಾರ ಸಾವಿತ್ರಿ, ಭಾಗೀರಥಮ್ಮ, ನಾನು ಮೂವರೂ ಯಲ್ಲಾಪುರಕ್ಕೆ ಹೋದೆವು. ವೀಣಾ ಶಾಲೆಯಲ್ಲಿರುವ ಹೊತ್ತು ನೋಡಿಯೇ ಹೋಗಿದ್ದು. ಪಾರ್ವತಿಗೆ ಎಪ್ಪತ್ತೆರಡು, ಮಾಸ್ತರು ತೀರಿಕೊಂಡು ಆರು ವರ್ಷವಾಗಿತ್ತು. ಭಾಗೀರಥಮ್ಮನನ್ನು ಬಾಗಿಲಲ್ಲಿ ನೋಡಿದ್ದೇ ಅವರ ಮುಖ ಬಿಳಿಚಿತು. ನಾವು ಬಾಯಿ ತೆರೆಯುವ ಮೊದಲೇ ಅರ್ಧ ಅರ್ಥವಾದಂತಿತ್ತು.

ನಾನು ಆದಷ್ಟು ಸರಳವಾಗಿ ಹೇಳಿದೆ. ಜೀನ್, ಅಪಾಯ, ಒಂದು ರಕ್ತಪರೀಕ್ಷೆ. ಪಾರ್ವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು. ಆಮೇಲೆ ಭಾಗೀರಥಮ್ಮನ ಕಡೆ ತಿರುಗಿದರು.

"ಆಣೆ ಹಾಕ್ಸಿಕೊಂಡವಳು ನೀನು, ಮುರಿಯಲೆ ಬಂದವಳೂ ನೀನೇಯ? ನಲವತ್ತೊಂದು ವರ್ಷ ಆನೇ ಅದರ ಆಯಿ. ಈಗ ಎಂತ ಹೇಳವು ಅದ್ಕೆ?"

ಆಗ ಸಾವಿತ್ರಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಕೀಮೋದಿಂದ ಒಂದು ಕೂದಲೂ ಉಳಿಯದ ತಲೆ.

"ನಿಂಗಳ ಮಗಳ ಕರ್ಕಂಡು ಹೋಪಲೆ ಬಂದಿದ್ದಲ್ಲ ಆನು. ಎಂಗೆ ಆದ್ದು ಅದ್ಕೆ ಆಪ್ದು ಬ್ಯಾಡ, ಅಷ್ಟೇಯ."

ಪಾರ್ವತಿ ಆ ತಲೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು. "ಅದು ನಾಲ್ಕೂವರೆಗೆ ಬತ್ತು. ಅದ್ರ ಒಳಗೆ ನಿಂಗ ಹೊರಡಿ" ಎಂದರು. ನನ್ನ ಫೋನ್ ನಂಬರ್ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟು ಬಂದೆ. ಅವರು ಅದನ್ನು ಮುಟ್ಟಲಿಲ್ಲ.

ಒಂದು ವಾರ ಕಾದೆ. ಎರಡು ವಾರವಾಯಿತು. ಜನವರಿ ಬಂತು. ಸಾವಿತ್ರಿ ಪ್ರತಿ ಮೂರು ದಿನಕ್ಕೊಮ್ಮೆ ಫೋನ್ ಮಾಡಿ, ಯಲ್ಲಾಪುರದಿಂದ ಕರೆ ಬಂತಾ ಎಂದು ಕೇಳುತ್ತಿದ್ದರು. ವಾರ್ಡಿನಲ್ಲಿ ಹೊಟ್ಟೆ ಉಬ್ಬಿದ ಹೊಸ ರೋಗಿ ಬಂದಾಗಲೆಲ್ಲ ನೋಡಿಯೇ ಇರದ ಆ ಶಿಕ್ಷಕಿಯ ನೆನಪಾಗುತ್ತಿತ್ತು.

ಈಗ ಹೇಳಲು ನಾಚಿಕೆಯಾಗುವ ಒಂದು ಸಂಗತಿ. ಒಂದು ಮಧ್ಯಾಹ್ನ ನಾನು ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನ್ ಹಚ್ಚಿದೆ. ಶಿಕ್ಷಕಿಯರಿಗೆ ಉಚಿತ ಆರೋಗ್ಯ ತಪಾಸಣೆ ಎಂದು ಹೇಳಿ, ಹೇಗಾದರೂ ವೀಣಾ ಅವರ ರಕ್ತ ತೆಗೆದುಕೊಳ್ಳುವ ಯೋಚನೆ. ಆ ಕಡೆಯಿಂದ "ಹಲೋ, ಯಾರು?" ಎಂದರು. ಫೋನ್ ಇಟ್ಟುಬಿಟ್ಟೆ. ಒಬ್ಬ ಹೆಂಗಸಿಗೆ ತಿಳಿಯದಂತೆ ಅವಳ ಜೀನ್ ಓದುವುದು ಕಳ್ಳತನ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿಯವರೆಗೆ ಹೋಗಿದ್ದೆ.

ಜನವರಿ ಮೂರನೇ ವಾರ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ನಾನು ಯಲ್ಲಾಪುರದಿಂದ ವೀಣಾ. ಆಯಿ ಎಲ್ಲ ಹೇಳಿದಳು. ರಕ್ತ ಎಲ್ಲಿ, ಯಾವಾಗ ಕೊಡಬೇಕು ಹೇಳಿ."

ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. ಆಮೇಲೆ ತಿಳಿಯಿತು, ಪಾರ್ವತಿ ಊಟ ಬಿಟ್ಟು ಸೊರಗಿದ್ದನ್ನು ನೋಡಿ ಮಗಳೇ ಒತ್ತಾಯಿಸಿ ಕೇಳಿದ್ದಳು. ಕೇಳಿದ ಮೇಲೆ ಎರಡು ದಿನ ತಾಯಿಯೊಂದಿಗೆ ಮಾತಾಡಿರಲಿಲ್ಲ. ಮೂರನೇ ದಿನ ಚೀಟಿ ಎಲ್ಲಿ ಎಂದು ಕೇಳಿದ್ದಳು. ಪಾರ್ವತಿ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದರಂತೆ.

ಫೆಬ್ರವರಿಯ ಎರಡನೇ ಶನಿವಾರ ಶಿರಸಿಯಲ್ಲಿ ರಕ್ತ ತೆಗೆದೆವು. ಅಕ್ಕನಲ್ಲಿ ಸಿಕ್ಕಿದ ದೋಷ ಇವಳಲ್ಲಿದೆಯೇ ಎಂದಷ್ಟೇ ನೋಡುವ ಪರೀಕ್ಷೆ. ಸಾವಿತ್ರಿ ಬಂದಿದ್ದರು. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ಮೂಗು, ಹಣೆ, ಕೂರುವ ಭಂಗಿ ಒಂದೇ. ನಡುವೆ ಪಾರ್ವತಿ. ಅಂದು ಅವರಿಬ್ಬರ ನಡುವೆ ಹತ್ತು ಮಾತೂ ನಡೆದಿರಲಿಕ್ಕಿಲ್ಲ.

ಮಾರ್ಚಿನಲ್ಲಿ ವರದಿ ಬಂತು. ದೋಷ ಇತ್ತು.

ವೀಣಾ ವರದಿಯನ್ನು ಎರಡು ಸಲ ಓದಿದಳು. ಸ್ಕ್ಯಾನಿಂಗ್ ಮತ್ತು ಸಿಎ-125 ಎಂಬ ರಕ್ತಪರೀಕ್ಷೆ ಎರಡೂ ಸರಿಯಾಗಿದ್ದವು. ಆದರೂ ನಲವತ್ತು ದಾಟಿದ, ಈ ದೋಷ ಇರುವ ಹೆಂಗಸರಿಗೆ ನಾವು ಕೊಡುವ ಸಲಹೆ ಒಂದೇ: ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವುದು. ಮುಟ್ಟು ತಕ್ಷಣ ನಿಲ್ಲುತ್ತದೆ, ಮೈ ಬಿಸಿಯೇರುವುದು, ಎಲುಬು ಸವೆಯುವುದು ಇರುತ್ತದೆ. ಅದನ್ನೂ ಮುಚ್ಚಿಡದೆ ಹೇಳಿದೆ. ಅವಳು ಕೇಳಿದ್ದು ಇಷ್ಟು: "ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಕಾಯಬಹುದಾ?"

ಏಪ್ರಿಲ್ ಕೊನೆಯಲ್ಲಿ ಹುಬ್ಬಳ್ಳಿಯಲ್ಲಿ ದಾಖಲಾದಳು. ಆಪರೇಷನ್ನಿನ ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ಬೇಕಿತ್ತು. ಪಾರ್ವತಿ ಹೆಸರು ಬರೆದರು. ಮುಂದಿನ ಕಾಲಂ, ರೋಗಿಗೂ ತಮಗೂ ಇರುವ ಸಂಬಂಧ. ಅಲ್ಲಿ ಪೆನ್ನು ನಿಂತಿತು. ನನ್ನ ಕಡೆ ನೋಡಿದರು. ಕಾನೂನಿನಲ್ಲಿ ಏನು ಬರೆಯಬೇಕು ಎಂದು ಕೇಳುವ ನೋಟ. ನಾನು ಉತ್ತರಿಸುವ ಮೊದಲೇ ಸ್ಟ್ರೆಚರಿನ ಮೇಲಿಂದ ವೀಣಾ ಅಂದಳು:

"ಆಯಿ ಹೇಳಿ ಬರಿ. ಎಂತ ಯೋಚನೆ ಮಾಡ್ತಾ ಇದ್ದೆ? ಡಾಕ್ಟರು ಕಾಯ್ತಿದ್ದ." ಪಾರ್ವತಿ ಆ ಕಾಲಂನಲ್ಲಿ 'ತಾಯಿ' ಎಂದು ಬರೆದರು.

ಹತ್ತು ದಿನದ ಮೇಲೆ, ತೆಗೆದ ಭಾಗಗಳ ಪೆಥಾಲಜಿ ವರದಿ ಬಂತು. ಇಂಥವರ ಅಂಡನಾಳದ ತುದಿಯನ್ನು ತೀರಾ ತೆಳುವಾಗಿ ಕತ್ತರಿಸಿ ಮೈಕ್ರೊಸ್ಕೋಪಿನಲ್ಲಿ ನೋಡುತ್ತಾರೆ. ಅನೇಕ ಸಲ ಕ್ಯಾನ್ಸರ್ ಶುರುವಾಗುವುದೇ ಅಲ್ಲಿ. ಬಲಗಡೆಯ ನಾಳದ ತುದಿಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಜಾಗದಲ್ಲಿ ಅದು ಆಗಲೇ ಶುರುವಾಗಿತ್ತು. ಹೊರಗೆ ಹರಡಿರಲಿಲ್ಲ. ಮುಖ್ಯಸ್ಥರು ವರದಿಯನ್ನು ನನ್ನ ಕೈಗಿಟ್ಟು ಹೋದರು. ನಾನು ಕಾರಿಡಾರಿನಲ್ಲಿ ನಿಂತು ಜನವರಿಯವರೆಗೆ ಕರೆಗಾಗಿ ಕಾದ ಆ ದಿನಗಳನ್ನು ಎಣಿಸಿದೆ.

ವೀಣಾ ಈಗಲೂ ತಪಾಸಣೆಗೆ ಹೋಗುತ್ತಾಳೆ, ಆರೋಗ್ಯವಾಗಿದ್ದಾಳೆ. ಸಾವಿತ್ರಿಗೆ ರೋಗ ಮರುಕಳಿಸಿತು. 2024ರ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ಎರಡು ತಿಂಗಳು ವೀಣಾ ಶನಿವಾರ ಶಾಲೆ ಬಿಟ್ಟೊಡನೆ ಹೆಗಡೆಕಟ್ಟಾಕ್ಕೆ ಹೋಗುತ್ತಿದ್ದಳು, ಪಾರ್ವತಿಯನ್ನೂ ಕರೆದುಕೊಂಡು.

ಅದೇ ವರ್ಷ ನಾನು ನಿವೃತ್ತಳಾದೆ. ಒಮ್ಮೆ ವೀಣಾಗೆ ಶಾಲೆಗೆ ಮಾಡಿದ ಆ ಫೋನಿನ ವಿಷಯ ಹೇಳಿ ಕ್ಷಮೆ ಕೇಳಿದೆ. ಅವಳು "ನೀವು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆಯಿ ಹೇಳಿದ್ದಕ್ಕೆ ನಂಬಿದೆ" ಎಂದಳು. ರಕ್ತದಲ್ಲಿರುವುದನ್ನು ಯಂತ್ರ ಓದುತ್ತದೆ. ಆ ಯಂತ್ರದ ತನಕ ಒಬ್ಬಳನ್ನು ಕರೆತರುವುದು ಅವಳು ನಂಬಿದವರ ಬಾಯಿಂದ ಬಂದ ಮಾತು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ. ಆದರೆ ಪಾರ್ವತಿ ಬಾಯಿ ಬಿಡದೇ ಹೋಗಿದ್ದರೆ ನಾನು ಎಷ್ಟು ದಿನ ಸುಮ್ಮನಿರುತ್ತಿದ್ದೆ ಎಂಬ ಪ್ರಶ್ನೆಗೆ ಉತ್ತರ ಈಗಲೂ ನನ್ನಲ್ಲಿಲ್ಲ. ಈಗ ನನ್ನ ಜಾಗದಲ್ಲಿ ಕೂತಿರುವ ಹುಡುಗಿ ಇದನ್ನೇ ಕೇಳಿದಳು. ಗೊತ್ತಿಲ್ಲ ಎಂದೇ ಅವಳಿಗೂ ಹೇಳಿದೆ.