ಒಂದು ಪದ, ಎರಡು ವಹಿ

ನನ್ನ ನಾನಾ, ಅಂದರೆ ಅಮ್ಮಿಯ ಅಪ್ಪ ಬಷೀರನ ಹೊಲಿಗೆ ಯಂತ್ರ ಈಗಲೂ ಕರಜಗಿಯ ಮನೆಯ ಪಡಸಾಲೆಯಲ್ಲಿದೆ. ಅದರ ಡ್ರಾ ಎಳೆದರೆ ಬಿಡಿ ಗುಂಡಿಗಳು, ಮುರಿದ ಸೂಜಿಗಳು, ಸೀಮೆಸುಣ್ಣದ ಚೂರುಗಳು, ಎಲ್ಲದರ ಅಡಿಯಲ್ಲಿ ನೀಲಿ ರಟ್ಟಿನ ಒಂದು ವಹಿ. ವಹಿ ಅಂದರೆ ನಮ್ಮಲ್ಲಿ ನೋಟುಬುಕ್ಕು. ನಮ್ಮದು ಗಡಿಯಾಚೆಯ ಊರು, ಮರಾಠಿ ಸಾಲೆಯಲ್ಲಿ ಕಲಿತವರ ಬಾಯಲ್ಲಿ ಆ ಶಬ್ದವೇ ನಿಂತುಬಿಟ್ಟಿದೆ. ಅದನ್ನು ತೆರೆದು ಓದಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಪುಟದ ತುಂಬ ಬರೀ ಪ್ರಶ್ನೆಗಳು. ಪ್ರತಿ ಪ್ರಶ್ನೆಯ ಕೆಳಗೆ ನಾಲ್ಕು ಗೆರೆಯಷ್ಟು ಖಾಲಿ ಜಾಗ.

ಆ ಖಾಲಿ ಜಾಗದ ಕಥೆಯನ್ನೇ ಹೇಳುತ್ತಿದ್ದೇನೆ, ಕೇಳಿ. ಅರ್ಧ ಅಮ್ಮಿ ಹೇಳಿದ್ದು, ಅರ್ಧ ನಾನಾ ಹೇಳಿದ್ದು. ಎರಡೂ ಹೊಂದದ ಕಡೆ ನಾನು ಅಮ್ಮಿಯನ್ನೇ ನಂಬಿದ್ದೇನೆ, ಏಕೆಂದರೆ ನಾನಾ ಅಂಗಿಯನ್ನಷ್ಟೇ ಅಲ್ಲ, ಕಥೆಯನ್ನೂ ಒಂದಿಷ್ಟು ಸಡಿಲ ಬಿಟ್ಟೇ ಹೊಲಿಯುತ್ತಿದ್ದ.

ತೊಂಬತ್ತರ ಸುಮಾರಿಗೆ ನಾನಾ ವರ್ಷವೆಲ್ಲ ಟೇಲರು, ಮೊಹರಂ ಬಂತೆಂದರೆ ರಿವಾಯತ್ ಹಾಡುಗಾರ. ಮೊಹರಮ್ಮಿನಲ್ಲಿ ಕೂರಿಸುವ ಅಲಾಯಿ ದೇವರ ಮುಂದೆ ಮೇಳ ಕಟ್ಟಿ ಹಾಡುವ ಪದಗಳಿಗೆ ರಿವಾಯತ್ ಅನ್ನುತ್ತಾರೆ. ಮೇಳದಲ್ಲಿ ಜಾತಿ ಕೇಳುವವರಿರಲಿಲ್ಲ, ದನಿ ಕೇಳುತ್ತಿದ್ದರು. ನಾನಾ ಹಾಡಿನಲ್ಲೇ ಸವಾಲು ಹಾಕುತ್ತಿದ್ದ. ಅದೇ ಮೇಳದಲ್ಲಿ ಎದುರಿಗೆ ನಿಂತು ಜವಾಬು ಕೊಡುವವನು ಮಾಡಗ್ಯಾಳದ ಅಮೋಘಸಿದ್ದಪ್ಪ. ಅವನದು ಕುರಿ ಸಾಕುವ ಮನೆತನ. ಕುರಿಯನ್ನು ಕರೆದೂ ಕರೆದೂ ಅವನ ಗಂಟಲು ಎರಡು ಊರಿಗೆ ಕೇಳಿಸುವಷ್ಟು ಪಳಗಿತ್ತಂತೆ.

ಪದ ಕಟ್ಟಿಕೊಡುತ್ತಿದ್ದವನು ಸನಮಡಿಯ ಸಿಕಂದರ ಉಸ್ತಾದ. ಅವನು ಯಾವ ಪದವನ್ನೂ ಒಬ್ಬನ ಕೈಗೆ ಪೂರ್ತಿ ಕೊಡುತ್ತಿರಲಿಲ್ಲ. ಸವಾಲುಗಳನ್ನು ನಾನಾನ ವಹಿಗೆ ಬರೆಸುತ್ತಿದ್ದ, ಜವಾಬುಗಳನ್ನು ಅಮೋಘಸಿದ್ದಪ್ಪನ ವಹಿಗೆ. ಒಂದು ವಹಿ ಎದುರು ಮೇಳದವರಿಗೆ ಸಿಕ್ಕರೂ ಅರ್ಧ ಪದದಿಂದ ಅವರು ಏನೂ ಮಾಡಲಾರರು. ಇನ್ನೂ ಒಂದು ರಿವಾಜು ಇತ್ತು. ಪದದ ಕೊನೆಯ ನುಡಿಯಲ್ಲಿ ಊರಿನ ಹೆಸರು ಬರುತ್ತದೆ, ಆದರೆ ತನ್ನ ಊರಿನ ಹೆಸರನ್ನು ತಾನೇ ಹಾಡಿಕೊಳ್ಳಬಾರದು. ಮಾಡಗ್ಯಾಳವನ್ನು ನಾನಾ ಹಾಡಬೇಕು, ಕರಜಗಿಯನ್ನು ಅಮೋಘಸಿದ್ದಪ್ಪ. ಆ ಕೊನೆಯ ನುಡಿಯನ್ನು ತಾಲೀಮಿನಲ್ಲೂ ಹಾಡುತ್ತಿರಲಿಲ್ಲ. ಗೆಳೆಯ ನನ್ನೂರನ್ನು ಹೇಗೆ ಹೊಗಳಿದ ಎಂಬುದನ್ನು ದೇವರ ಮುಂದೆಯೇ ಮೊದಲ ಸಲ ಕೇಳಬೇಕು.

1993ರ ಮೊಹರಂ. ಸನಮಡಿಯಲ್ಲಿ ಎರಡು ಮೇಳಗಳ ಪೈಪೋಟಿ. ಉಸ್ತಾದ ಹಾಸಿಗೆ ಹಿಡಿದಿದ್ದರೂ ಹೊಸ ಪದ ಕಟ್ಟಿಕೊಟ್ಟಿದ್ದ. ಮಟಮಟ ಮಧ್ಯಾಹ್ನ, ನಾನಾ ತಾನೇ ಹೊಲಿದ ಬಿಳಿ ಅಂಗಿಗಳಲ್ಲಿ ಇಡೀ ಮೇಳ ನಿಂತಿತ್ತು. ಸವಾಲು, ಜವಾಬು, ಸವಾಲು, ಜವಾಬು; ಪದ ಕೊನೆಗೆ ಬಂತು. ನಾನಾ ಕಣ್ಣು ಮುಚ್ಚಿ ಮಾಡಗ್ಯಾಳದ ಹೆಸರು ಹಾಡಿದ. ತಾಳ ನಡೆಯುತ್ತಲೇ ಇತ್ತು. ಅಮೋಘಸಿದ್ದಪ್ಪನ ಬಾಯಿ ತೆರೆಯಲಿಲ್ಲ. ತಾಳ ಮತ್ತೊಂದು ಸುತ್ತು ಹೋಗಿ ಬಂತು. ಅವನು ನೆಲ ನೋಡುತ್ತ ನಿಂತಿದ್ದ. ಎದುರು ಮೇಳದವರು ಸಿಳ್ಳೆ ಹಾಕಿದರು.

ನಾನಾ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ನಡೆದೇ ಊರಿಗೆ ಬಂದ. ಮನೆಯಲ್ಲಿ ಒಂದೇ ಮಾತು ಹೇಳಿದನಂತೆ: "ನಮ್ಮೂರ ಹೆಸರ ಅವನ ಬಾಯಾಗ ಬರಲಿಲ್ಲ. ಇನ್ನ ಅವನ ಹೆಸರ ನನ್ನ ಬಾಯಾಗ ಬರಂಗಿಲ್ಲ."

ಅದೇ ವಾರ ಉಸ್ತಾದ ತೀರಿಕೊಂಡ. ಮೇಳ ಮುರಿಯಿತು. ಮುಂದೆ ಹದಿನೈದು ವರ್ಷ ಇಬ್ಬರೂ ಜತ್ತಿನ ಸಂತೆಯಲ್ಲಿ ಎದುರಾದಾಗ ಒಬ್ಬ ಬಟ್ಟೆಯ ಗಟ್ಟಿತನ ಹಿಡಿದು ನೋಡುತ್ತಿದ್ದ, ಇನ್ನೊಬ್ಬ ಕುರಿಯ ಹಲ್ಲು ತೆರೆದು ನೋಡುತ್ತಿದ್ದ.

ಎರಡು ಸಾವಿರದ ಎಂಟರಲ್ಲಿ ನಾನಾನಿಗೆ ಅರವತ್ತೊಂದು. ಕರಜಗಿಯ ಹುಡುಗರು ಮತ್ತೆ ಮೇಳ ಕಟ್ಟುತ್ತೇವೆ, ಉಸ್ತಾದರ ಕೊನೆಯ ಪದ ಕಲಿಸಿಕೊಡಿ ಎಂದು ಬಂದರು. ನಾನಾ ವಹಿ ತೆಗೆದು ಸವಾಲು ಹಾಡಿದ. ಜವಾಬಿನ ಜಾಗದಲ್ಲಿ ಸುಮ್ಮನಾದ. ಮತ್ತೊಂದು ಸವಾಲು ಹಾಡಿದ, ಮತ್ತೆ ಸುಮ್ಮನಾದ. ಅಂದು ಹಾಡುವಾಗ ಕಿವಿಗೆ ಬಿದ್ದಿದ್ದ ಜವಾಬುಗಳು ಹದಿನೈದು ವರ್ಷದಲ್ಲಿ ಕರಗಿಹೋಗಿದ್ದವು. ಹುಡುಗರು ಮರ್ಯಾದೆಯಿಂದ ಚಹಾ ಕುಡಿದು ಎದ್ದುಹೋದರು. ಆ ಸಂಜೆ ಅವನು ಊಟ ಮಾಡಲಿಲ್ಲ. ಅವನ ದನಿ ಆಗಲೇ ಒಡೆಯುತ್ತಿತ್ತು. ಈ ಮೊಹರಂ ಹೊತ್ತಿಗೆ ಕಲಿಸದಿದ್ದರೆ ಪದ ತನ್ನೊಂದಿಗೇ ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ನನ್ನ ಅಮ್ಮಿ ರುಬಿನಾ ಆಗ ಜತ್ತಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಅವಳ ಹಳೆಯ ವಿದ್ಯಾರ್ಥಿನಿ ಅನುರಾಧಾ, ಅಮೋಘಸಿದ್ದಪ್ಪನ ಮಗಳು, ಮಾಡಗ್ಯಾಳದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಇಬ್ಬರೂ ಗುಟ್ಟಾಗಿ ಮಾತಾಡಿಕೊಂಡರು. ಅಪ್ಪಂದಿರು ಒಬ್ಬರಿಗೊಬ್ಬರು ಫೋನು ಮಾಡುವವರಲ್ಲ, ವಹಿ ಕೈಬಿಡುವವರಂತೂ ಅಲ್ಲವೇ ಅಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ಒಂದೇ ಕಡತವನ್ನು ಇಬ್ಬರು ಎರಡು ಊರಿನಿಂದ ತೆರೆದು ಬರೆಯಬಹುದು. ಅಮ್ಮಿ ಅದನ್ನು ಆಗಷ್ಟೇ ಕಲಿತಿದ್ದಳು, ಕಲಿತದ್ದನ್ನು ಎಲ್ಲಾದರೂ ಬಳಸಲೇಬೇಕೆಂಬ ಹುರುಪಿನಲ್ಲಿದ್ದಳು.

ನಾನಾನನ್ನು ಒಪ್ಪಿಸಿದ ಮಾತುಕತೆಯನ್ನು ಅಮ್ಮಿ ಈಗಲೂ ಹಾಗೇ ಒಪ್ಪಿಸುತ್ತಾಳೆ.

"ಅಬ್ಬಾ, ವಹಿ ಯಾರ ಕೈಯಾಗೂ ಕೊಡೂದಿಲ್ಲ. ಹಾಳಿ ಒಂದ ಮ್ಯಾಲ ಇರತೈತಿ. ನೀವ ಇಲ್ಲಿಂದ ಬರಸ್ರಿ, ಅವರ ಅಲ್ಲಿಂದ ಬರಸ್ತಾರ."

"ಮ್ಯಾಲ ಅಂದ್ರ ಎಲ್ಲಿ, ಮಾಳಗಿ ಮ್ಯಾಲೇನು?"

"ದೂರ ಯಾವದೋ ಊರಾಗಿನ ಮಶೀನದಾಗ."

"ಕೀಲಿ ಐತೇನ ಅದಕ್ಕ?"

"ಎರಡ ಅದಾವ. ಒಂದ ನಿಮ್ಮ ಕಡಿ, ಒಂದ ಅವರ ಕಡಿ. ಮೂರನೇದವರಿಗಿ ಬಾಗಲಾ ತಗಿಯಂಗಿಲ್ಲ."

ನಾನಾ ಕೈಯಲ್ಲಿದ್ದ ಗುಂಡಿ ಹಚ್ಚಿ ಮುಗಿಸಿದ. ಆಮೇಲೆ, ಉಸ್ತಾದರೂ ಇದನ್ನೇ ಮಾಡಿದ್ದರು, ಹಾಳೆ ಮಾತ್ರ ಎರಡಿದ್ದವು ಅಂದ. ಆ ಕಡೆ ಅನುರಾಧಾ ತನ್ನ ಅಪ್ಪನನ್ನು ಒಪ್ಪಿಸಿದಳು.

ಮೊದಲು ಅಮ್ಮಿ ಹಳೆಯ ಫಾಂಟಿನಲ್ಲಿ ಟೈಪು ಮಾಡಿದಳು. ಮಾಡಗ್ಯಾಳದಲ್ಲಿ ತೆರೆದಾಗ ಅದು ಬರೀ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡಿತು. ಎಲ್ಲವನ್ನೂ ಮತ್ತೆ ಟೈಪು ಮಾಡಿದ್ದಾಯಿತು. ಮುಂದಿನ ಸಂತೆಯ ದಿನ ನಾನಾ ಸರಕಾರಿ ಎಸ್ಟಿ ಬಸ್ಸಿನಲ್ಲಿ ಜತ್ತಿಗೆ ಬಂದು ಕಂಪ್ಯೂಟರ್ ಮುಂದೆ ಕುಳಿತ. "ಸೂಜಿಯು ಮುಟ್ಟದೆ ಹೊಲಿದಂಥ ಅಂಗಿಯ ತೊಟ್ಟವರ್ಯಾರು ಹೇಳೋ" ಎಂಬ ಅವನ ಸವಾಲಿನ ಕೆಳಗೆ, ಹದಿನೈದು ವರ್ಷ ಖಾಲಿಯಿದ್ದ ಜಾಗದಲ್ಲಿ, ಜವಾಬು ಬಂದು ಕೂತಿತ್ತು: "ಹುಟ್ಟುತ ತುಪ್ಪಳ ತೊಟ್ಟಂಥ ಕುರಿಮರಿ ಅಡವ್ಯಾಗ ನಿಂತೈತಿ ನೋಡೋ."

ನಾನಾ ಅದನ್ನು ಓದಲಿಲ್ಲ, ಸಣ್ಣ ದನಿಯಲ್ಲಿ ಹಾಡಿದ. ಪಕ್ಕದ ಕಂಪ್ಯೂಟರಿನವರು ತಿರುಗಿ ನೋಡಿದರು.

ಹೀಗೆ ಆರು ಸಂತೆ. ಒಂದು ಜವಾಬಿನಲ್ಲಿ ಶಬ್ದ ಸರಿಯಿಲ್ಲವೆಂದು ನಾನಾ ಅಳಿಸಿ ಬೇರೆ ಹಾಕಿಸಿದ. ಮರುವಾರ ಹಳೆಯ ಶಬ್ದವೇ ಬಂದು ಕೂತಿತ್ತು. ಮತ್ತೆ ಅಳಿಸಿಸಿದ, ಮತ್ತೆ ಬಂತು. ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನು ಅಮ್ಮಿ ತೆರೆದು ತೋರಿಸಿದಾಗ ಅವನಿಗೆ ಮುಜುಗರವಾಯಿತು. ಅಳಿಸಿದ್ದೂ ಅಲ್ಲಿ ಉಳಿದಿರುತ್ತದೆ ಎಂದು ಗೊತ್ತಾದ ಮೇಲೆ ಅವನು ಜವಾಬುಗಳ ತಂಟೆಗೆ ಹೋಗಲಿಲ್ಲ.

ಎಲ್ಲ ತುಂಬಿತು, ಕೊನೆಯ ನುಡಿಯೊಂದು ಉಳಿಯಿತು. ಕರಜಗಿಯ ಹೆಸರು ಬರಬೇಕಾದ ಜಾಗ. ಒಂದು ಸಂತೆ ಹೋಯಿತು, ಎರಡಾದವು. ಹುಡುಗರು ದಿನವೂ ಕೇಳುತ್ತಿದ್ದರು; ಮೊಹರಂಗೆ ಮೂರು ವಾರ ಉಳಿದಿತ್ತು. ನಾನಾ ಬಂದು ಖಾಲಿ ಜಾಗ ನೋಡಿ ಹೊರಡುತ್ತಿದ್ದ. ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ, ಮುಚ್ಚಿಬಿಡು ಇದನ್ನು ಎಂದು ಕೊನೆಗೆ ಅಮ್ಮಿಗೆ ಹೇಳಿದ.

ಅಮ್ಮಿ ಮುಚ್ಚಲು ಹೋದಾಗಲೇ ಪುಟ ತಾನಾಗಿ ಬದಲಾಯಿತು. ಅದು ಪದವಲ್ಲ, ಮಾತು.

"ಬಷೀರ, ಕಡೀ ಹಾಳಿ ಟಗರ ತಿಂತು. ದೊಡ್ಡಿ ಗೂಟಕ್ಕ ಚೀಲ ತೂಗಹಾಕಿದ್ದೆ, ಹಾಡೂ ದಿನ ಮುಂಜಾನೆ ಎದ್ದ ನೋಡೂದ್ರಾಗ ವಹಿ ಅದರ ಬಾಯಾಗ ಇತ್ತು. ಉಸ್ತಾದರಿಗಿ ಹ್ಯಾಂಗ ಹೇಳಲಿ. ತಪ್ಪ ಹಾಡಿ ನಿಮ್ಮೂರ ಹೆಸರ ಕೆಡಸೂದಕ್ಕಿಂತ ಸುಮ್ಮ ನಿಂತೆ. ಆಮ್ಯಾಲ ನಿನಗ ಹೇಳಾಕ ನಾಚಿಕಿ ಬಂತು."

ನಾನಾ ಎರಡು ಸಲ ಓದಿದ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೊಮ್ಮೆ ಓದಿದ.

"ಯಾವ ಟಗರ ಅಂತ ಕೇಳು," ಅಂದ.

ಅಮ್ಮಿ ಟೈಪು ಮಾಡಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಗಿಳಿಮೂಗಿಂದು. ನೀನ ಅದರ ಕೊಳ್ಳಿಗಿ ಕೆಂಪ ಪಟ್ಟಿ ಹೊಲದ ಕೊಟ್ಟಿದ್ದಿ."

ನಾನಾ ನಕ್ಕದ್ದು ಹೊರಗಿನ ಚಹಾದ ಅಂಗಡಿಗೂ ಕೇಳಿಸಿತು. ನಗುತ್ತಲೇ ಕಣ್ಣೊರೆಸಿಕೊಂಡ. ಆಮೇಲೆ ಹೀಗೆ ಬರೆಸಿದ: ಉಸ್ತಾದರ ಸಾಲು ಹೋಯಿತು, ಇನ್ನು ನೀನೇ ಕಟ್ಟು, ನಮ್ಮೂರ ಹೆಸರನ್ನು ನಾನು ಹಾಡಿಕೊಳ್ಳಲು ಬರುವುದಿಲ್ಲ.

ಅವತ್ತು ಅವನು ಊರಿನ ಬಸ್ಸು ಹೋದರೆ ಹೋಗಲಿ ಎಂದು ಬಿಟ್ಟ. ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟ. ಒಂದು ಸಾಲು ಬಂತು, ಹೋಯಿತು. ಮತ್ತೊಂದು ಬಂತು, ಅರ್ಧ ಉಳಿಯಿತು. ಆ ಕಡೆ ಅಮೋಘಸಿದ್ದಪ್ಪ ಹಾಡಿ ನೋಡುತ್ತಿದ್ದಾನೆ, ತಾಳಕ್ಕೆ ಕೂರದಿದ್ದರೆ ಮಗಳಿಂದ ಅಳಿಸಿಸುತ್ತಿದ್ದಾನೆ ಎಂಬುದು ನಾನಾನಿಗೆ ಈ ಕಡೆ ಕುಳಿತೇ ತಿಳಿಯುತ್ತಿತ್ತು. ಅವನ ಬೆರಳು ಮೇಜಿನ ಮೇಲೆ ಅದೇ ತಾಳ ಹಾಕುತ್ತಿತ್ತು. ಬಿಸಿಲು ಬಾಗಿಲಿನಿಂದ ಹಿಂದೆ ಸರಿಯುವ ಹೊತ್ತಿಗೆ ಎರಡು ಸಾಲು ಬಂದು ಅಲುಗಾಡದೆ ನಿಂತವು:

ಸೂಜಿಯಂಥ ದಾರಿ ಹಿಡಿದು ಕರಜಗಿಗೆ ಬಂದೇನೊ,
ಹರಿದ ಮಾತ ಹೊಲಿಯುವವನ ಮನಿ ಕೇಳತ ನಿಂತೇನೊ.

ಎರಡನೆಯ ಸಾಲಿನಲ್ಲಿ ಒಂದು ಅಕ್ಷರ ಹೆಚ್ಚಾಗಿದೆ, ತಾಳಕ್ಕೆ ತಡವರಿಸುತ್ತದೆ ಅಂದ ನಾನಾ. ತಿದ್ದಲೇ ಎಂದು ಅಮ್ಮಿ ಕೇಳಿದ್ದಕ್ಕೆ ಅವಳ ಕೈ ಹಿಡಿದು ತಡೆದ. ಬದಲಿಗೆ ಅದರ ಕೆಳಗೆ ಇನ್ನೊಂದು ಸಾಲು ಬರೆಸಿದ: "ಮೊಹರಮ್ಮಿಗಿ ಅಂಗಿ ಹೊಲಿಬೇಕು. ಎದಿ ಎಷ್ಟು, ತೋಳ ಎಷ್ಟು, ಬರಿ."

"ಆಗ ಮೂವತ್ತೆಂಟ ಇತ್ತು," ಅಂತ ಬಂತು. "ಈಗ ನೀನ ಬಂದ ಅಳತಿ ತಗೋ."

ಮರುದಿನ ಬೆಳಿಗ್ಗೆ ನಾನಾ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಮಾಡಗ್ಯಾಳಕ್ಕೆ ಹೊರಟ.

ನೀಲಿ ವಹಿಯ ಖಾಲಿ ಜಾಗಗಳನ್ನು ಆಮೇಲೂ ಯಾರೂ ತುಂಬಲಿಲ್ಲ. ಪೂರ್ತಿ ಪದ ಮೇಲಿನ ಆ ಹಾಳೆಯಲ್ಲಿತ್ತು, ಕರಜಗಿಯ ಹುಡುಗರ ಬಾಯಲ್ಲಿತ್ತು. ವಹಿಯ ಕೊನೆಯ ಪುಟದಲ್ಲಿ ಮಾತ್ರ, ಕರಜಗಿಯ ಹೆಸರು ಬರಬೇಕಾಗಿದ್ದ ಜಾಗದಲ್ಲಿ, ನಾನಾನ ಕೈಬರಹವಿದೆ: ಎದೆ ನಲವತ್ತೊಂದು, ತೋಳು ಇಪ್ಪತ್ಮೂರು.