ಖಾಲಿ ಗೋದಲಿಗೆ ಮೊದಲ ಪಾಲು

ಎಂಬತ್ತರ ದಶಕದ ಕೊನೆಯಲ್ಲಿ, ಹೈದರಾಬಾದ್ ಆಂಧ್ರಪ್ರದೇಶದ ರಾಜಧಾನಿಯಾಗಿದ್ದಾಗ, ನಾನು ಅಲ್ಲಿ ಸರ್ಕಾರಿ ಪಶುವೈದ್ಯನಾಗಿದ್ದೆ. ಹೆಂಡತಿ ಮಕ್ಕಳು ರಾಯಚೂರಿನಲ್ಲಿ, ನಾನು ಕೂಕಟ್‌ಪಲ್ಲಿಯ ಒಂದು ಬಾಡಿಗೆ ಕೋಣೆಯಲ್ಲಿ. ದಿನವಿಡೀ ತೆಲುಗು, ಹಿಂದಿ. ಕನ್ನಡ ಆಡಬೇಕೆನಿಸಿದಾಗ ಎಮ್ಮೆಗಳ ಜೊತೆ ಆಡುತ್ತಿದ್ದೆ. ಪಾಪ, ಅವು ತಕರಾರು ಮಾಡುತ್ತಿರಲಿಲ್ಲ.

ಒಂದು ದಿನ ಹಳೆಯ ಅರಮನೆಯೊಂದರಿಂದ ಕರೆ ಬಂತು. ಲಾಯದ ಕೊನೆಯ ಕುದುರೆ ಹುಲ್ಲು ಒಂದಿಷ್ಟು ಕಚ್ಚಿದರೂ ಕಾಳು ಮುಟ್ಟುತ್ತಿಲ್ಲ ಎಂದು. ಹೋದೆ. ಮುಂದಿನ ಅಂಗಳದಲ್ಲಿ ಮೆರವಣಿಗೆಯ ಸಾರೋಟುಗಳು ಸಾಲಾಗಿ ನಿಂತಿದ್ದವು. ಬೆಳ್ಳಿ ಹಿಡಿಕೆ, ಮಖಮಲ್ ಆಸನ, ಎಲ್ಲಕ್ಕೂ ಬಿಳಿ ಬಟ್ಟೆಯ ಮುಸುಕು. ಒಳಗೆ ನಲವತ್ತು ಕುದುರೆ ಕಟ್ಟುವಷ್ಟು ಜಾಗ; ತುದಿಯಲ್ಲಿ ಮೋತಿ ಎಂಬ ಬಿಳಿ ಹೆಣ್ಣು ಕುದುರೆ ಒಂದೇ ಒಂದು, ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲು.

"ಡಾಕ್ಟರ್ ಗಾರೂ, ವಯಸ್ಸಾಯ್ತು. ನೀವು ಹ್ಞೂಂ ಅಂದರೆ ಇವತ್ತೇ ಇಂಜೆಕ್ಷನ್ ಕೊಟ್ಟು ಮುಗಿಸೋಣ," ಎಂದರು ಮ್ಯಾನೇಜರ್, ತೆಲುಗಿನಲ್ಲಿ.

ಪರೀಕ್ಷಿಸಿದೆ. ಜ್ವರವಿಲ್ಲ. ಹಲ್ಲು ಗಟ್ಟಿ. ಕೊಲಿಕ್, ಅಂದರೆ ಕುದುರೆಗಳನ್ನು ಕಾಡುವ ಹೊಟ್ಟೆಶೂಲೆ, ಅದರ ಲಕ್ಷಣವೂ ಇಲ್ಲ. ಆಗ ಕುದುರೆ ನೋಡಿಕೊಳ್ಳುವ ಮುದುಕ ಖಾಸಿಂಸಾಬ್ ತನ್ನಷ್ಟಕ್ಕೇ ಗೊಣಗಿದ: "ಹೀರಾ ಹೋದಾಗಿಂದ ಹಿಂಗ ಮಾಡಾಕತ್ತೈತಿ."

ಅರೆ, ಕನ್ನಡ! ಹುಮನಾಬಾದ್ ಕಡೆಯವನಂತೆ. ತಬ್ಬಿಕೊಳ್ಳುವುದೊಂದು ಬಾಕಿ. ಹೀರಾ ಮೋತಿಯ ಜೋಡಿ ಕುದುರೆ. ಎರಡೂ ಹದಿನಾಲ್ಕು ವರ್ಷ ಒಂದೇ ಸಾರೋಟು ಎಳೆದಿದ್ದವು. ಹಿಂದಿನ ತಿಂಗಳು ಹೀರಾ ಸತ್ತಿತ್ತು.

"ಚಾಚಾ, ಎರಡೂ ಇದ್ದಾಗ ಕಾಳು ಹೆಂಗ ಹಾಕ್ತಿದ್ರಿ? ಹಂಗ ಹಾಕಿ ತೋರಸ್ರಿ."

"ಹೀರಾನ ಇಲ್ಲಲ್ರಿ ಸಾಹೇಬ್ರ. ಯಾರಿಗಿ ಹಾಕ್ಲಿ?"

"ಐತಿ ಅಂತ ತಿಳ್ಕೋರಿ."

ಲಾಯದ ರಿವಾಜನ್ನು ಆಗ ಮುದುಕ ಹೇಳಿದ. ಜೋಡಿಯಲ್ಲಿ ಬಲಗಡೆಯದು, ಅಂದರೆ ಹೀರಾ, ಹಿರಿಯದು. ಅದರ ಗೋದಲಿಗೆ ಕಾಳು ಬೀಳುವವರೆಗೆ ಎಡಗಡೆಯದು ತಲೆ ಬಗ್ಗಿಸುವಂತಿಲ್ಲ. ಬಗ್ಗಿಸಿದರೆ ಹಗ್ಗ ಜಗ್ಗುತ್ತಿದ್ದರು. ಹೀರಾ ಸತ್ತ ಮೇಲೆ ಖಾಲಿ ಗೋದಲಿಗೆ ಯಾರು ಹಾಕುತ್ತಾರೆ? ಮೋತಿ ತನ್ನ ಸರದಿಗಾಗಿ ಕಾಯುತ್ತಲೇ ಇತ್ತು.

ಮುದುಕ ನೆನೆಸಿದ ಕಡಲೆಯನ್ನು ಬಲಗಡೆಯ ಗೋದಲಿಗೆ ಸುರಿದ. ರೂಢಿಯಂತೆ "ತಿನ್ನಪಾ ಹೀರಾ" ಅಂದವನೇ ಗಳಗಳ ಅತ್ತುಬಿಟ್ಟ. ಆಮೇಲೆ ಎಡಕ್ಕೆ ಸುರಿದ. ಮೋತಿ ಪಕ್ಕದ ಜಾಗವನ್ನೇ ಬಹಳ ಹೊತ್ತು ನೋಡಿತು. ನಂತರ ತಲೆ ಬಗ್ಗಿಸಿತು. ಕಡಲೆ ಅಗಿಯುವ ಸದ್ದು ಇಡೀ ಲಾಯಕ್ಕೆ ಕೇಳಿತು.

"ಇಲ್ಲದ ಕುದುರೆಗೂ ಕಾಳಾ?" ಮ್ಯಾನೇಜರ್ ಹುಬ್ಬೇರಿಸಿದರು.

"ಅದೇ ಔಷಧಿ. ಮೊದಲು ಅಲ್ಲಿ ಹಾಕಿ, ಆಮೇಲೆ ಬೇಕಾದರೆ ಎತ್ತಿ ಇದಕ್ಕೇ ಹಾಕಿಕೊಳ್ಳಿ," ಎಂದು ರೇಗಿದೆ. ಇಂಜೆಕ್ಷನ್ನಿನ ಮಾತು ಮತ್ತೆ ಬರಲಿಲ್ಲ.

ಮೋತಿ ಇನ್ನೂ ಮೂರು ವರ್ಷ ಬದುಕಿತು. ಭಾನುವಾರಗಳಂದು ನೋಡಲು ಹೋಗುತ್ತಿದ್ದೆ; ಖಾಸಿಂಸಾಬನ ಕನ್ನಡಕ್ಕಾಗಿಯೂ ಹೋಗುತ್ತಿದ್ದೆ ಅನ್ನಿ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಉಣ್ಣದೆ ನಿಂತ ಜೀವದ ಹೊಟ್ಟೆ ಮುಟ್ಟುವ ಮೊದಲು, ಅದರ ಪಕ್ಕದ ಜಾಗ ನೋಡಬೇಕು.